ಎರಡು ಕೈ ಕಂಡ ಜಾಡಿ

ನಮ್ಮ ಊರಿನಲ್ಲಿ ಪ್ರತಿಯೊಂದು ಮನೆಯ ಹಿತ್ತಲ ಬಾಗಿಲ ಪಕ್ಕದಲ್ಲೂ ಒಂದು ಜಾಡಿ ಇರುತ್ತದೆ. ಉಪ್ಪಿನಕಾಯಿಯ ಜಾಡಿಯಂಥದ್ದೇ, ಆದರೆ ಸೊಂಟದೆತ್ತರದ್ದು. ಅದರೊಳಗಿರುವುದು ಗಣಿಯ ನೀರು. ಕೆಳಗಿನ ಸುರಂಗಗಳು ನಾನು ಹುಟ್ಟುವ ಮುಂಚೆಯೇ ಮುಳುಗಿ, ನೀರು ಹಳೆಯ ಗಣಿಬಾವಿಯ ಬಾಯಿಯವರೆಗೂ ಬಂದು ನಿಂತಿದೆ. ಕುಂಕುಮ ಕದಡಿದಂಥ ಬಣ್ಣ. ನಾಲಿಗೆಗೆ ತಾಗಿಸಿದರೆ ಹುಣಿಸೆಗಿಂತ ಹುಳಿ. ಮೀನಿಲ್ಲ, ಕಪ್ಪೆಯಿಲ್ಲ. ಆದರೂ ಅದು ಸತ್ತ ನೀರಲ್ಲವೆಂದು ನಮ್ಮ ಹೆಂಗಸರಿಗೆ ಹೇಗೋ ತಿಳಿದಿತ್ತು. ಮದುವೆಯಾಗಿ ಬಂದ ಹೆಣ್ಣು ಅಲ್ಲಿಂದ ಒಂದು ಚೆಂಬು ನೀರು ತಂದು ಜಾಡಿಗೆ ಹಾಕಿ, ಮನೆಯ ಹೆಪ್ಪನ್ನು ಕಾಯುವಂತೆ ಕಾಯುತ್ತಾಳೆ. ದಿನವೂ ಅದಕ್ಕೆ ಏನಾದರೊಂದು ತಿನ್ನಿಸುತ್ತಾಳೆ. ಏನನ್ನು ತಿನ್ನಿಸುತ್ತಾಳೋ ಅದಕ್ಕೆ ತಕ್ಕ ಕೆಲಸವನ್ನು ಜಾಡಿ ಕಲಿಯುತ್ತದೆ.

ಪಕ್ಕದ ಮನೆಯ ಹಾಲಮ್ಮನ ಜಾಡಿಯಲ್ಲಿ ಸಂಜೆ ತುಕ್ಕು ಹಿಡಿದ ಕುಡುಗೋಲು ಅದ್ದಿಟ್ಟರೆ ಬೆಳಗ್ಗೆ ಮೀನಿನ ಹೊಟ್ಟೆಯಂತೆ ಹೊಳೆಯುತ್ತದೆ. ಅಕ್ಕಸಾಲಿಗರ ಈರಮ್ಮನ ಜಾಡಿ ಚಿನ್ನವನ್ನು ಬಿಟ್ಟು ತಾಮ್ರವನ್ನಷ್ಟೇ ತಿನ್ನುತ್ತದೆ. ಬೋಂಡಾ ಅಂಗಡಿಯ ಜಾಡಿಗೆ ಎಣ್ಣೆಯ ಬಾಣಲೆ ತೋರಿಸಿದರೆ ಸಾಕು, ಜಿಡ್ಡೆಲ್ಲ ಮಾಯ. ಜಾಡಿಗೆ ಸಂಬಂಧಪಟ್ಟು ನಮ್ಮಲ್ಲಿ ಎರಡು ಕಟ್ಟಳೆಗಳಿವೆ. ಏನು ತಿನ್ನಿಸುತ್ತೀಯೆ ಎಂದು ಯಾರೂ ಯಾರನ್ನೂ ಕೇಳಬಾರದು. ಗಂಡನೂ ಹೆಂಡತಿಯನ್ನು ಕೇಳಬಾರದು. ಇನ್ನೊಂದು, ಜಾಡಿಯ ಒಡತಿ ತೀರಿಹೋದರೆ ವೈಕುಂಠ ಸಮಾರಾಧನೆಯ ದಿನ ಆ ನೀರನ್ನು ಗಣಿಬಾವಿಗೆ ಹಿಂದಿರುಗಿಸಬೇಕು. ಆ ದಿನದ ತನಕ ಗಂಡನ ಕೈಯೂ ಹೆಂಡತಿಯ ಕೈಯೆಂದೇ ಲೆಕ್ಕ. ಆಮೇಲೆ ಇನ್ನೊಂದು ಕೈ ಸೋಕಿದರೆ ಜಾಡಿಗೆ ಹುಚ್ಚು ಹಿಡಿಯುತ್ತದೆ. ಹಿಂದೆ ಯಾವಳೋ ಸೊಸೆ ಅತ್ತೆಯ ಜಾಡಿಯನ್ನು ಇಟ್ಟುಕೊಂಡು ಸಾಕಿದಳಂತೆ. ಅದು ಮಂಚದ ನುಲಿಯಿಂದ ಹಿಡಿದು ಗೋಡೆಯ ಸುಣ್ಣದವರೆಗೆ ತಿಂದು ಮುಗಿಸಿತಂತೆ.

ನನ್ನ ಹೆಂಡತಿ ಗೋದಾವರಿಯ ಜಾಡಿ ಹೊಸ ಬಟ್ಟೆಯನ್ನು ಹಳೆಯದು ಮಾಡುತ್ತಿತ್ತು. ಬೇರೆ ಊರಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಎಲ್ಲ ಕಡೆಯೂ ಹಸುಗೂಸನ್ನು ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತುತ್ತಾರೆ. ನಮ್ಮಲ್ಲಿ ಹಳೆಯ ಸೀರೆ ಮೆತ್ತಗಾಗುವುದೇ ಇಲ್ಲ. ಗಣಿಯ ಕೆಂಧೂಳು ಎಳೆಎಳೆಗೂ ಹೊಕ್ಕು, ನಾಲ್ಕು ಸಲ ಒಗೆಯುವಷ್ಟರಲ್ಲಿ ಬಟ್ಟೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಆದ್ದರಿಂದ ಬಸುರಿಯ ಮನೆಯವರು ಹೊಸ ಮಲ್ಲು ಬಟ್ಟೆ ತಂದು ಗೋದಾವರಿಗೆ ಕೊಡುವರು. ಅವಳು ಅದನ್ನು ಜಾಡಿಯಲ್ಲಿ ಅದ್ದಿ, ತೆಗೆದು, ಗುಡ್ಡದ ಬಾವಿಯ ಸಿಹಿನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿದರೆ, ಮೂರು ತಲೆಮಾರು ಉಟ್ಟು ಸವೆದ ಸೀರೆಯ ಸೆರಗಿನಂತೆ ಆಗುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಆದರೆ ಈ ಊರಿನಲ್ಲಿ ಅವಳ ಕೈ ಹಾಯದ ಬಟ್ಟೆಯಲ್ಲಿ ಮಲಗಿದ ಕೂಸು ಒಂದೂ ಇಲ್ಲ.

ನಾನು ಮುಳುಗದೆ ಉಳಿದಿದ್ದ ಮೇಲಿನ ಗಣಿಯ ದೀಪದ ಕೋಣೆಯಲ್ಲಿ ಗುಮಾಸ್ತನಾಗಿದ್ದವನು. ಕೆಳಗಿಳಿಯುವವರಿಗೆ ದೀಪ ಕೊಡುವುದು, ಮೇಲೆ ಬಂದವರಿಂದ ಇಸಿದುಕೊಳ್ಳುವುದು. ಮನೆಯ ದೇವರ ಪೂಜೆ ಮೊದಲಿನಿಂದಲೂ ನನ್ನದು; ಗಣಿ ನಿಂತ ಮೇಲೆ ಅದೊಂದೇ ಕೆಲಸ. ಜಾಡಿಯ ಕಡೆಗೆ ನಾನು ಹೋಗುತ್ತಿರಲಿಲ್ಲ. ಮಡಿಯಲ್ಲಿರುವವನಿಗೆ ಅಲ್ಲಿ ಏನು ಕೆಲಸ? ಹೀಗೆ ನಲವತ್ತು ಚಿಲ್ಲರೆ ವರ್ಷ ನಾವು ಒಂದೇ ಮನೆಯ ಎರಡು ತುದಿಗಳಲ್ಲಿ ಒಂದೊಂದನ್ನು ಕಾಯ್ದುಕೊಂಡು ಬಂದೆವು. ಒಂದು ಬೆಳಗ್ಗೆ ಅವಳು ಮನೆಯ ಬಟ್ಟೆ ಹರವುತ್ತಿದ್ದವಳು, "ಏನೂಂದ್ರೆ, ಸ್ವಲ್ಪ ಕೂತ್ಕೋತೀನಿ," ಎಂದು ಕಟ್ಟೆಯ ಮೇಲೆ ಕುಳಿತಳು. ಏಳಲಿಲ್ಲ. ಹರಿಚಿತ್ತ.

ಅದಾದ ಮೇಲಿನ ದಿನಗಳು ನನಗೆ ಒಂದರ ಮೇಲೊಂದು ಬಿದ್ದಂತೆ ನೆನಪಿವೆ. ಸೂತಕವಾದ್ದರಿಂದ ದೇವರ ಪೆಟ್ಟಿಗೆ ಮುಚ್ಚಿತ್ತು. ಬೆಳಗಾದರೆ ಕೈಗೆ ಕೆಲಸವಿಲ್ಲ. ಅಭ್ಯಾಸಬಲದಿಂದ ಹೂ ಕೊಯ್ಯುವುದು, ನೆನಪಾಗಿ ಅಲ್ಲೇ ಚೆಲ್ಲುವುದು. ಪುರೋಹಿತರಾದ ಬಿಂದಾಚಾರ್ಯರು ಬಂದು ಆ ದಿನದ ಕರ್ಮ ಮಾಡಿಸಿ ಹೋಗುವರು. ಮಾಡುವ ಮಗನಿಲ್ಲದ್ದರಿಂದ ಕರ್ಮವೂ ನನ್ನದೇ.

ಹಾಗಿರುವಾಗ ಒಂದು ಮಧ್ಯಾಹ್ನ ಹಾಲಮ್ಮ ಹಿತ್ತಲಿಗೆ ಬಂದು ನಿಂತಳು. ಅವಳ ಬಾಯಿ ಊರಿಗೇ ಗೊತ್ತು. ಅವತ್ತು ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ರಾಯರೇ, ಹಿಂಗೆ ಬರಬಾರದು, ಗೊತ್ತೈತೆ. ನನ್ನ ಮಗಳು ಕೆಂಚಮ್ಮಗೆ ಏಳು ತಿಂಗಳಿಗೇ ಹೆರಿಗೆ ಆತು. ಗಂಡು ಕೂಸು. ಅಂಗೈ ಅಗಲ ಐತೆ."

"ಬದುಕಿದೆಯೇ?" ಎಂದೆ.

"ಉಸಿರಾಡ್ತೈತೆ. ಚರ್ಮ ಅನ್ನೋದು ಈರುಳ್ಳಿ ಸಿಪ್ಪೆ. ಯಾವ ಬಟ್ಟೆ ತಾಗಿಸಿದರೂ ಗೀರು ಬಿದ್ದು ರಕ್ತ ಕಾಣ್ತೈತೆ. ಎಳೇ ಬಾಳೆ ಎಲೆಗೆ ಎಣ್ಣೆ ಸವರಿ ಮಲಗಿಸಿದ್ದೀವಿ. ಎಷ್ಟು ದಿನಾಂತ ಮಗೂನ ಎಲೆ ಮೇಲೆ ಇಡೋದು, ಎಡೆ ಇಟ್ಟಂಗೆ? ಮೈ ತಣ್ಣಗಾಗ್ತೈತೆ. ಗಾಯ ಕೀವಾದ್ರೆ ಉಳಿಯಲ್ಲ ಅಂದ್ಲು ಸೂಲಗಿತ್ತಿ. ಗೋದಕ್ಕ ಅದ್ದಿದ ಬಟ್ಟೆ ಒಂದು ತುಂಡಾದ್ರೂ ಮನೇಲಿ ಇದ್ರೆ ಕೊಡಿ."

ಮನೆಯನ್ನೆಲ್ಲ ಹುಡುಕಿದೆ. ಒಂದು ತುಂಡೂ ಇರಲಿಲ್ಲ. ಆ ಬಟ್ಟೆ ನಮ್ಮ ಮನೆಯಲ್ಲಿ ಇರಬೇಕಾದ ಕಾರಣವೇ ಇರಲಿಲ್ಲವಲ್ಲ. "ಜಾಡಿ ಇದೆ," ಎಂದೆ. ಹಾಲಮ್ಮ ಓಡಿಹೋಗಿ ಹೊಸ ಮಲ್ಲು ತಂದು ನನ್ನ ಕೈಗಿತ್ತು, ದೂರ ನಿಂತಳು. ನಾನು ಮೊದಲ ಸಲ ಆ ಮುಚ್ಚಳ ತೆಗೆದೆ. ಕೈಯಲ್ಲಿ ಬಹಳ ಹೊತ್ತು ಹಿಡಿದ ತಾಮ್ರದ ಬಿಲ್ಲೆಯ ವಾಸನೆ ಬಂತು. ಗೋದಾವರಿ ಹಿತ್ತಲಿಂದ ಒಳಗೆ ಬರುವಾಗ ಅವಳ ಜೊತೆ ಬರುತ್ತಿದ್ದ ವಾಸನೆ ಇದಲ್ಲ. ಅದು ಯಾವುದೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಬಟ್ಟೆ ಅದ್ದಿದೆ. ಮರುದಿನ ತೆಗೆದಾಗ ಅದು ಅದ್ದಿದಂತೆಯೇ ಇತ್ತು. ಗಂಜಿ ಕೂಡ ಬಿಟ್ಟಿರಲಿಲ್ಲ.

"ಹಸಿದೈತೆ," ಎಂದಳು ಹಾಲಮ್ಮ. "ಏನು ತಿನ್ನಿಸ್ತಿದ್ಲು?"

ಕೇಳಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ನನಗೆ ಗೊತ್ತಿದ್ದರೆ ಹೇಳುತ್ತಿದ್ದೆನೋ ಏನೋ. ಗೊತ್ತಿರಲಿಲ್ಲ.

ಸುದ್ದಿ ಹರಡಿತು. ಒಬ್ಬೊಬ್ಬರೇ ಬಂದು ಕೈಗೆ ಏನಾದರೊಂದನ್ನಿಟ್ಟು, "ನೀವೇ ಹಾಕಿ," ಎಂದು ದೂರ ಸರಿಯುವರು. ಒಬ್ಬರು ಬೆಲ್ಲ ಕೊಟ್ಟರು. ಒಬ್ಬರು ಅನ್ನದ ಗಂಜಿ. ಈರಮ್ಮ ಯಾರಿಗೂ ಕಾಣದಂತೆ ಚಿಟಿಕೆ ತಾಮ್ರದ ಪುಡಿ ಕೊಟ್ಟಳು. ಹೀಗೆ ತನ್ನ ಮನೆಯ ಗುಟ್ಟನ್ನೇ ಬಿಟ್ಟುಕೊಟ್ಟಳು, ಪಾಪ. ನಾನು ಎಲ್ಲವನ್ನೂ ಹಾಕಿದೆ. ನೀರು ಮಂದವಾಗಿ ಮೇಲೆ ಕೆನೆ ಕಟ್ಟಿತು. ಬಟ್ಟೆ ಮಾತ್ರ ಹಾಗೇ ಉಳಿಯಿತು.

ಆಗ ಊರಿನಲ್ಲಿ ಶಾಹೀನ ಎಂಬ ಹುಡುಗಿಯೊಬ್ಬಳಿದ್ದಳು. ರಾಜಧಾನಿಯ ಯಾವುದೋ ಪ್ರಯೋಗಶಾಲೆಯವಳು. ಗಣಿಬಾವಿಯ ನೀರನ್ನು ಸೀಸೆಗಳಿಗೆ ತುಂಬಿ ಚೀಟಿ ಅಂಟಿಸುವುದು ಅವಳ ಕೆಲಸ. ಅವಳೂ ಬಂದು ನೋಡಿದಳು. ಒಂದು ಹನಿಯನ್ನು ಗಾಜಿನ ಮೇಲಿಟ್ಟು ತನ್ನ ಯಂತ್ರದಲ್ಲಿ ಬಹಳ ಹೊತ್ತು ಕಣ್ಣಿಟ್ಟಳು.

"ಅಜ್ಜಾ, ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವೆ. ತಿನ್ನೋಕೆ ಏನು ಸಿಗತ್ತೋ ಅದನ್ನ ಒಡೆಯೋಕೆ ಬೇಕಾದ ಕಿಣ್ವ ಮಾಡ್ಕೋತವೆ. ಆ ಕಿಣ್ವಾನೇ ನಿಮ್ಮ ಬಟ್ಟೇನ ಮೆತ್ತಗೆ ಮಾಡ್ತಿದ್ದದ್ದು. ಸಿಗದಿದ್ರೆ ಮಾಡೋದು ನಿಲ್ಲಿಸ್ತವೆ. ನೀವು ದಿನಕ್ಕೊಂದು ಹಾಕಿದ್ದೀರಿ. ಈಗ ಅವಕ್ಕೆ ಏನು ಮಾಡಬೇಕು ಅಂತಾನೇ ತಿಳೀತಿಲ್ಲ."

"ನನಗೂ," ಎಂದೆ.

ಅವಳು ನಗಬಾರದೆಂದು ತಡೆದುಕೊಂಡಳು. ಆಮೇಲೆ ಇಬ್ಬರೂ ಸ್ವಲ್ಪ ನಕ್ಕೆವು. ಸೂತಕದ ಮನೆಯಲ್ಲಿ ನಕ್ಕದ್ದಕ್ಕೆ ನನಗೆ ಏನೆನ್ನಿಸಬೇಕೋ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಕರ್ಮ ಮುಗಿದ ಮೇಲೆ ಬಿಂದಾಚಾರ್ಯರು ದರ್ಭೆ, ಎಳ್ಳುಗಳನ್ನು ಎಲೆಯಲ್ಲಿ ಒಟ್ಟುಮಾಡಿ, "ತುಳಿಯುವ ಕಡೆ ಹಾಕಬೇಡಿ ರಾಯರೇ. ದಿನಾ ನಿರ್ಮಾಲ್ಯ ಎಲ್ಲಿ ಹಾಕ್ತಿದ್ದಿರಿ?" ಎಂದು ಕೇಳಿದರು.

ನಾನು ಹೊಸಿಲ ಕಡೆ ನೋಡಿದೆ. ಪ್ರತಿದಿನ ಪೂಜೆ ಮುಗಿಸಿ, ಹಿಂದಿನ ದಿನದ ಹೂವು, ತುಳಸಿ, ಗೆಜ್ಜೆವಸ್ತ್ರಗಳನ್ನು ಹರಿವಾಣದಲ್ಲಿ ತುಂಬಿ ದೇವರ ಕೋಣೆಯ ಹೊಸಿಲ ಮೇಲಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಖಾಲಿ ಹರಿವಾಣ ಅಲ್ಲಿಗೇ ಬಂದಿರುತ್ತಿತ್ತು. ನಡುವೆ ಅದು ಎಲ್ಲಿ ಹೋಗಿ ಬರುತ್ತಿತ್ತು? ತುಳಸಿಕಟ್ಟೆಯ ಬುಡದಲ್ಲಿ ಹೂವಿನ ರಾಶಿಯಿಲ್ಲ. ಹರಿಯುವ ನೀರಿಗೆ ಬಿಡೋಣವೆಂದರೆ ಈ ಊರಿನಲ್ಲಿ ಹರಿಯುವುದೆಲ್ಲ ಗಣಿಯ ನೀರೇ. ಗೆಜ್ಜೆವಸ್ತ್ರವೆಂದರೆ ದೇವರಿಗೆ ಏರಿಸುವ ಹತ್ತಿಯ ಮಾಲೆ; ಮಧ್ಯಾಹ್ನಗಳಲ್ಲಿ ಅವಳೇ ಹಿಂಜಿ, ಹೊಸೆದು, ಕುಂಕುಮದ ಚುಕ್ಕೆಯಿಟ್ಟು ಡಬ್ಬಿ ತುಂಬಿಸುತ್ತಿದ್ದಳು. ನನಗೆ ಆ ವಾಸನೆ ನೆನಪಾಯಿತು. ಬಾಡಿದ ಸೇವಂತಿಗೆ, ತುಳಸಿ, ಗಂಧ, ಅದರ ಅಡಿಯಲ್ಲಿ ಸ್ವಲ್ಪ ಹುಳಿ. ಅವಳ ತುರುಬಿನದೆಂದು ನಾನು ತಿಳಿದುಕೊಂಡಿದ್ದೆ.

ಹಿತ್ತಲಿಗೆ ಹೋಗಿ ಹೊದ್ದ ಉತ್ತರೀಯ ತೆಗೆದಿಟ್ಟು, ಬಗ್ಗಿ ಜಾಡಿಗೆ ಭುಜದವರೆಗೂ ಕೈಯಿಳಿಸಿದೆ. ಹುಳಿ ನೀರು ಉಗುರುಸಂದಿಯಲ್ಲಿ ಚುರುಗುಟ್ಟಿತು. ತಳದಲ್ಲಿ ಬೆರಳಾಡಿಸಿದಾಗ ಕೆಸರಿನೊಳಗೆ ಏನೋ ತಣ್ಣಗೆ ಸಿಕ್ಕಿತು. ತೆಗೆದು ನೋಡಿದರೆ ಚಿನ್ನದ ತುಳಸೀದಳ. ನನ್ನ ತಾಯಿ ಸಾಲಿಗ್ರಾಮಕ್ಕೆ ಮಾಡಿಸಿ ಹಾಕಿದ್ದು. ಎಷ್ಟೋ ವರ್ಷದ ಹಿಂದೆ ಕಾಣೆಯಾದಾಗ ನಾವಿಬ್ಬರೂ ಬಚ್ಚಲಿನ ಮೋರಿಯನ್ನೂ ಬಿಡದೆ ಜಾಲಾಡಿದ್ದೆವು. ನಿರ್ಮಾಲ್ಯದಲ್ಲಿ ಸೇರಿಕೊಂಡು ಹೋಗಿದೆ. ನೀರು ಉಳಿದದ್ದನ್ನೆಲ್ಲ ತಿಂದು ಇದನ್ನು ಮಾತ್ರ ಬಿಟ್ಟಿದೆ. ಒದ್ದೆ ಕೈಯಲ್ಲೇ ಅದನ್ನು ಪಂಚೆಯ ಅಂಚಿಗೆ ಗಂಟು ಹಾಕಿಕೊಂಡೆ.

ಶಾಹೀನಳಿಗೆ ಇಷ್ಟನ್ನು ಮಾತ್ರ ಹೇಳಿದೆ: ಹೂವು, ಹತ್ತಿ. ಅವಳ ಮುಖ ಅರಳಿತು. "ಸರಿಹೋಯ್ತಲ್ಲ ಅಜ್ಜಾ! ಬಟ್ಟೆನೂ ಹತ್ತಿ, ಅದೂ ಹತ್ತಿ. ಹತ್ತಿ ಹಾಕಿ, ಮುಗೀತು."

"ದೇವರಿಗೆ ಏರಿಸಿದ್ದು," ಎಂದೆ.

"ಅವಕ್ಕೆ ಅದು ಹೇಗೆ ಗೊತ್ತಾಗತ್ತೆ?"

ನನಗೂ ಗೊತ್ತಿಲ್ಲ. ಅವಳ ಮಾತಿನಂತೆ ಬರಿಯ ಹತ್ತಿಯನ್ನು ಹಾಕಿದೆ. ಅದು ನೀರಿನ ಮೇಲೆ ತೇಲುತ್ತಲೇ ಉಳಿಯಿತು. ಒಂದೆರಡು ದಿನ ಕಾಯಿರಿ ಎಂದಳು. ಅತ್ತ ಕೂಸಿನ ಬೆನ್ನಿನಲ್ಲಿ ಗೀರು ಹುಣ್ಣಾಗುತ್ತಿತ್ತು. ಬೇಲಿಯಾಚೆಯಿಂದ ಬರುವ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಕೊನೆಗೆ ಕಿವಿಗೊಟ್ಟು ಹುಡುಕಬೇಕಾಯಿತು. ಸೂತಕದಲ್ಲಿ ದೇವರ ಪೆಟ್ಟಿಗೆ ತೆರೆಯುವಂತಿಲ್ಲ. ತೆರೆಯದೆ ನಿರ್ಮಾಲ್ಯವಿಲ್ಲ. ಅವಳು ಸತ್ತದ್ದರಿಂದ ಪೂಜೆ ನಿಂತಿತು. ಪೂಜೆ ನಿಂತದ್ದರಿಂದ ಅವಳ ಜಾಡಿ ಹಸಿಯಿತು. ಇದನ್ನು ಯಾವ ಕಡೆಯಿಂದ ಬಿಡಿಸಬೇಕೆಂದು ನನಗೆ ತೋಚಲಿಲ್ಲ.

ಅಂಥದೊಂದು ಬೆಳಗ್ಗೆ ವಾಸೋದಕ ಕೊಡುತ್ತಿದ್ದೆ. ಅಗಲಿದ ಜೀವಕ್ಕೆ ಉರಿ, ಬಾಯಾರಿಕೆ ಇರುತ್ತದೆಂದು ಹೊಸ ಬಟ್ಟೆಯ ತುಂಡನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಹಿಂಡುವ ಕರ್ಮ ಅದು. ಹೆಸರು, ಗೋತ್ರ ಹೇಳಿ ಹಿಂಡಿದೆ. ಹಿಂಡಿದ ತುಂಡು ಕೈಯಲ್ಲೇ ಇತ್ತು.

"ಆಚಾರ್ಯರೇ, ಈ ಬಟ್ಟೆಯನ್ನು ಏನು ಮಾಡಬೇಕು?"

"ನೀರಿಗೆ ಬಿಡೋದು."

"ಜಾಡಿಯಲ್ಲಿ ಇರುವುದೂ ನೀರೇ ಅಲ್ಲವೇ?"

ಅವರು ಜನಿವಾರವನ್ನು ಎಳೆದುಕೊಳ್ಳುತ್ತ ಹಿತ್ತಲ ಕಡೆ ನೋಡಿದರು. ಬೇಲಿಯಾಚೆಯ ಅಳು ಅವರಿಗೂ ಕೇಳಿಸಿರಬೇಕು. "ಶಾಸ್ತ್ರದಲ್ಲಿ ಹಾಗೆ ಹೇಳಿಲ್ಲ ರಾಯರೇ," ಎಂದರು. ದರ್ಭೆ ಸರಿಮಾಡಿಕೊಂಡು, "ಬೇಡ ಅಂತಲೂ ಹೇಳಿಲ್ಲ," ಎಂದು ಕಣ್ಣುಮುಚ್ಚಿ ಮುಂದಿನ ಮಂತ್ರ ಹಿಡಿದರು.

ಆ ದಿನದ ತುಂಡು, ಹಿಂದಿನ ದಿನಗಳಿಂದ ಮೂಲೆಯಲ್ಲಿ ಒಣಗಿ ಬಿದ್ದಿದ್ದ ತುಂಡುಗಳು, ಎಲ್ಲವನ್ನೂ ಜಾಡಿಗೆ ಬಿಟ್ಟೆ. ಬಿಡುವಾಗ ಅವಳ ಹೆಸರು ಹೇಳಿದೆ. ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮರುಬೆಳಗ್ಗೆ ಮುಚ್ಚಳ ತೆಗೆದರೆ ಕೆನೆ ಒಡೆದಿತ್ತು. ತುಂಡುಗಳು ಜೇಡರ ಬಲೆಯಂತಾಗಿದ್ದವು. ತೇಲುತ್ತಿದ್ದ ಹತ್ತಿಯೂ ಇರಲಿಲ್ಲ. ಆ ಬರಿಯ ಹತ್ತಿಯೇ ಕಡೆಗೂ ಜಾಡಿಗೆ ಹಿಡಿಸಿತೆನ್ನಬೇಕೋ, ಅವಳ ಬಟ್ಟೆ ಅದನ್ನೂ ಕರೆದುಕೊಂಡು ಹೋಯಿತೆನ್ನಬೇಕೋ, ಇವತ್ತಿಗೂ ನನಗೆ ತಿಳಿಯದು. ಶಾಹೀನ ಒಂದು ಹೇಳಿದಳು, ಬಿಂದಾಚಾರ್ಯರು ಒಂದು ಹೇಳಿದರು. ಇಬ್ಬರಿಗೂ ಹೌದೆಂದೆ.

ಹಾಲಮ್ಮನ ಮಲ್ಲು ಆ ದಿನ ಅದ್ದಿದ್ದು ಮರುದಿನಕ್ಕೆ ಮೆತ್ತಗಾಯಿತು. ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಬೇಲಿಯ ಹತ್ತಿರ ಅವಳನ್ನು ಕರೆದೆ. ಮುಚ್ಚಿಡುವುದು ಸರಿಯಲ್ಲವೆಂದು ಹೇಳಿಯೂ ಬಿಟ್ಟೆ. "ಹಾಲಮ್ಮ, ಗೋದಾವರಿಯ ಕರ್ಮದ ಬಟ್ಟೆ ತಿಂದ ನೀರು ಇದು. ಎಳೆಗೂಸಿಗೆ ಆಗುತ್ತದೋ ಇಲ್ಲವೋ, ನೀನೇ ಯೋಚನೆ ಮಾಡು."

ಅವಳ ಚಾಚಿದ ಕೈ ನಿಂತಿತು. "ಸತ್ತೋರ ಬಟ್ಟೆ ತಿಂದ ನೀರಾಗೆ ಕೂಸಿನ ಬಟ್ಟೆನಾ?" ಎಂದಳು. ಬೇಲಿಯಾಚೆ ಈಗ ಅಳು ಕೇಳಿಸುತ್ತಲೇ ಇರಲಿಲ್ಲ. ಅವಳು ಒಮ್ಮೆ ಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಕೊಡಿ ಇತ್ಲಾಗೆ. ನನ್ನ ನಾಲ್ಕು ಮಕ್ಕಳ ಬಟ್ಟೆ ಅವಳು ಅದ್ದಿ ಕೊಟ್ಟೋಳು. ಇದ್ದಾಗ ಒಳ್ಳೇದು ಮಾಡಿದೋಳು ಸತ್ತ ಮೇಲೆ ಕೆಟ್ಟದು ಮಾಡ್ತಾಳಾ?"

ಸಂಜೆಯ ಹೊತ್ತಿಗೆ ಕೂಸು ಅಳುವುದು ಕೇಳಿಸಿತು. ಜೋರಾಗಿಯೇ.

ವೈಕುಂಠ ಸಮಾರಾಧನೆಯ ದಿನ ಬಂತು. ಊಟವಾದ ಮೇಲೆ ಜಾಡಿಯನ್ನು ಕೈಗಾಡಿಯಲ್ಲಿಟ್ಟು ಗಣಿಬಾವಿಗೆ ಒಯ್ದೆವು. ಹೆಂಗಸರೆಲ್ಲ ಕೂಡಿದ್ದರು. ನೆರೆಮನೆಯ ಹಿರಿಯಳು ಮೂರು ಸಲ "ಬಿಡಿ" ಅನ್ನಬೇಕು, ಮೂರನೆಯ ಸಲಕ್ಕೆ ಸುರಿಯಬೇಕು. ನಮ್ಮ ಪಾಲಿಗೆ ಆ ಹಿರಿಯಳು ಹಾಲಮ್ಮ. ಕಂಕುಳಲ್ಲಿ ಕೂಸು, ಬಟ್ಟೆಯೊಳಗೆ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಇನ್ನೂ ತಿಂಗಳುಗಟ್ಟಲೆ ಅದಕ್ಕೆ ಬಟ್ಟೆ ಬೇಕು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹಾಲಮ್ಮ ಒಂದು ಸಲ ಅಂದಳು. ಎರಡನೆಯ ಸಲ ಅಂದಳು. ನಾನು ಜಾಡಿಯ ಕಂಠ ಹಿಡಿದಿದ್ದೆ. ಕೈ ಓರೆಯಾಗಲಿಲ್ಲ.

"ಒಂದು ಮಾತಿದೆ," ಎಂದೆ. "ಇನ್ನೊಂದು ಕೈ ಸೋಕಿದರೆ ಜಾಡಿಗೆ ಹುಚ್ಚು ಹಿಡಿಯುತ್ತದೆ ಅನ್ನುತ್ತೀರಿ. ಅವಳು ಇದಕ್ಕೆ ದಿನವೂ ತಿನ್ನಿಸುತ್ತಿದ್ದದ್ದು..."

"ಶ್!" ಎಂದು ಹಾಲಮ್ಮ ಕೈಯೆತ್ತಿದಳು. "ಏನು ತಿನ್ನಿಸ್ತಿದ್ಲು ಅಂತ ಬಾಯಿ ಬಿಡಬೇಡಿ. ಯಾರ ಕೈಯಿಂದ ಬಂದದ್ದು, ಅಷ್ಟು ಹೇಳಿ."

"ನನ್ನ ಕೈಯಿಂದ," ಎಂದೆ. "ದಿನವೂ. ಮದುವೆಯಾದಾಗಿನಿಂದ. ನಾನು ಇಡುತ್ತಿದ್ದೆ, ಅವಳು ಹಾಕುತ್ತಿದ್ದಳು. ನನಗೂ ಗೊತ್ತಿರಲಿಲ್ಲ. ಈ ಜಾಡಿ ಮೊದಲಿನಿಂದಲೂ ಎರಡು ಕೈ ಕಂಡದ್ದು."

ಹೆಂಗಸರಲ್ಲಿ ಗುಜುಗುಜು ಎದ್ದಿತು. ಈರಮ್ಮ ಮುಂದೆ ಬಂದಳು. "ಗಂಡಸು ಜಾಡಿ ಸಾಕಿದ್ದು ಯಾವ ಊರಾಗೆ ಐತೆ? ನಾಳೆ ಹುಚ್ಚು ಹಿಡಿದ್ರೆ ಯಾರು ಹೊಣೆ?"

"ಹಿಡಿದ್ರೆ ಮೊದಲು ರಾಯರ ಪಂಚೆ ತಿಂತೈತೆ, ತಿನ್ನಲಿ ಬಿಡು," ಎಂದಳು ಹಾಲಮ್ಮ. ಯಾರೋ ಕಿಸಕ್ಕೆಂದರು. ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಬಾವಿಯ ಕೆಂಪು ನೀರನ್ನೂ ನನ್ನನ್ನೂ ಒಮ್ಮೆ ನೋಡಿದಳು. ಮೂರನೆಯ "ಬಿಡಿ" ಅವಳ ಬಾಯಿಂದ ಬರಲಿಲ್ಲ. "ಬಿಸಿಲು ಜೋರೈತೆ," ಎಂದಳು. "ಕೂಸಿಗೆ ಆಗಲ್ಲ. ನಡೀರಿ ಮನೆಗೆ." ಅವಳು ಮುಂದೆ ನಡೆದಳು. ಹಿಂದೆ ಒಬ್ಬೊಬ್ಬರೇ ನಡೆದರು. ಕೊನೆಗೆ ನಾನೂ ಜಾಡಿಯೂ ಉಳಿದೆವು. ನಾನು ಮಾಡಿದ್ದು ಸರಿಯೋ, ಕಟ್ಟಳೆ ಮೀರಿದೆನೋ, ಕೇಳೋಣವೆಂದರೆ ಕೇಳಬೇಕಾದವಳು ಇಲ್ಲ. ಗಾಡಿಯನ್ನು ತಿರುಗಿಸಿದೆ.

ಮರುದಿನ ಸ್ನಾನ ಮಾಡಿ ದೇವರ ಪೆಟ್ಟಿಗೆ ತೆರೆದೆ. ಸೂತಕಕ್ಕೆ ಮುಂಚಿನ ಹೂವು ಹಾಗೇ ಒಣಗಿ ಕುಳಿತಿತ್ತು. ಅವಳು ಕೊನೆಯದಾಗಿ ಹೊಸೆದ ಗೆಜ್ಜೆವಸ್ತ್ರವೂ ಇತ್ತು. ಅದನ್ನು ತೆಗೆಯಲು ಕೈ ಬರಲಿಲ್ಲ. ಆಮೇಲೆ ತೆಗೆದೆ. ಅಭಿಷೇಕ ಮಾಡಿ, ಹೊಸ ಹೂವು ಏರಿಸಿ, ಚಿನ್ನದ ತುಳಸೀದಳವನ್ನು ಸಾಲಿಗ್ರಾಮದ ಮೇಲಿಟ್ಟೆ. ಮಂಗಳಾರತಿಯಾಯಿತು. ನಿರ್ಮಾಲ್ಯವನ್ನು ಹರಿವಾಣದಲ್ಲಿ ತುಂಬಿ ಎಂದಿನಂತೆ ಹೊಸಿಲ ಮೇಲಿಟ್ಟು ಒಳಗೆ ಬಂದು ಕುಳಿತೆ.

ಸ್ವಲ್ಪ ಹೊತ್ತು ಕಾದೆ. ಇನ್ನೂ ಸ್ವಲ್ಪ ಹೊತ್ತು ಕಾದೆ. ಹಿತ್ತಲ ಕಡೆಯಿಂದ ಬಾಡಿದ ಸೇವಂತಿಗೆಯ ಹುಳಿ ವಾಸನೆ ಸಣ್ಣಗೆ ಬಂತು. ಆಮೇಲೆ ನಾನೇ ಎದ್ದು, ಹರಿವಾಣವನ್ನು ಎತ್ತಿಕೊಂಡು ಆ ಕಡೆ ನಡೆದೆ.